ದೇವೀರಜ್ಜಿಯ ಹಬೆ

ಆ ಊರಿನ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹೋದ ಮೊದಲ ಬೆಳಿಗ್ಗೆ ನನ್ನ ಸ್ಟವ್ ಹತ್ತಲಿಲ್ಲ. ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನಿಂತು ಕಡ್ಡಿಯ ಮೇಲೆ ಕಡ್ಡಿ ಗೀರಿದೆ. ಒಂದೂ ಕಿಡಿ ಹಾರಲಿಲ್ಲ. ಬೆಂಕಿಪೊಟ್ಟಣ ತೇವವಾಗಿರಬೇಕು ಎಂದುಕೊಂಡು ಹೊಸದನ್ನು ಒಡೆದೆ, ಅದೂ ಹಾಗೆಯೇ. ನನ್ನ ಗೊಣಗಾಟ ಕೇಳಿಸಿತೋ ಏನೋ, ಪಕ್ಕದ ಮನೆಯ ಲೋಕಮ್ಮ ಕಾಂಪೌಂಡಿನ ಆಚೆಯಿಂದ ಇಣುಕಿ, "ಒಬ್ರೇ ಇದೀರಾ ಮೇಡಂ? ತಡೀರಿ, ನಮ್ ಪುಟ್ಟೀನ ಕಳಿಸ್ತೀನಿ. ಕಾಫಿ ಆಗೋವರ್ಗೂ ನಿಮ್ಮನೇಲಿ ಕೂತಿರ್ಲಿ" ಎಂದರು. ಎರಡನೇ ಕ್ಲಾಸಿನ ಪುಟ್ಟಿ ಬಂದು, ಅಡುಗೆಕೋಣೆಯ ಮೂಲೆಯಲ್ಲಿ ಕೂತು, ಬೆರಳು ಚೀಪತೊಡಗಿದಳು. ಮೊದಲ ಕಡ್ಡಿಗೇ ಬೆಂಕಿ ಹತ್ತಿತು. ಹಾಲು ಇನ್ನೇನು ಉಕ್ಕಬೇಕು ಎನ್ನುವಾಗ ಅವಳಿಗೆ ಬೇಜಾರಾಗಿ ಎದ್ದು ಹೋದಳು. ಸ್ಟವ್ ಆರಿತು. ಉಗುರುಬೆಚ್ಚಗಿನ ಕಾಫಿ ಕುಡಿದು ಶಾಲೆಗೆ ಹೋದೆ.

ಹೆಡ್‌ಮಾಸ್ಟರ್ ಅನಂತಯ್ಯನವರು ಇದನ್ನು ಕೇಳಿ ನಗಲಿಲ್ಲ, ಅದೇ ನನಗೆ ಇನ್ನಷ್ಟು ಉರಿ ಹತ್ತಿಸಿತು. "ಇಲ್ಲಿ ಹಂಗೇ ಮೇಡಂ. ಒಳಗಿರೋರಲ್ಲಿ ಒಬ್ರಿಗಾದ್ರೂ ಅರ್ಥ ಆಗಿದ್ರೆ ಮಾತ್ರ ಕೆಲಸ ನಡೆಯೋದು. ಇಂಥದೇ ಮಾತಲ್ಲಿ ಅರ್ಥ ಆಗ್ಬೇಕು ಅಂತೇನಿಲ್ಲ. ಬಾಯಿಪಾಠ ಮಾತ್ರ ನಡೆಯಲ್ಲ, ಅಷ್ಟೇ." ಇದನ್ನು ಅವರು ಪ್ರಾರ್ಥನೆಯ ವೇಳೆ, ಶನಿವಾರದ ಅರ್ಧ ದಿನ, ಹಾಜರಿ ಇಂಥ ವಿಷಯಗಳ ನಡುವೆ ಹೇಳಿ ಮುಗಿಸಿದರು.

ಊರಿನವರು ಇದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುತ್ತಿರಲಿಲ್ಲ, ಕುಕ್ಕರ್ ಅರ್ಥವಾಗುತ್ತದೆಯೇ ಎಂದು ಕೇಳುತ್ತಿದ್ದರು. ಗಂಡಿನ ಕಡೆಯವರಿಗೂ ಪಂಪ್‌ಸೆಟ್ಟಿನ ಪ್ರಶ್ನೆ ತಪ್ಪುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಫ್ಯಾನು ಅರ್ಥವಾಗಿದ್ದುದು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿಗೆ ಮಾತ್ರ. ಬೇಸಿಗೆ ಬಂತೆಂದರೆ ಅವರಿಗೆ ಮಧ್ಯಾಹ್ನದ ನಿದ್ದೆಗೆ ಮನೆಮನೆಯಿಂದ ಕರೆ. ಪಲ್ಯ, ಪಾಯಸ ಮಾಡಿ ಬಡಿಸಿ, ಹಾಸಿಗೆ ಹಾಸಿ ಮಲಗಿಸಿಕೊಳ್ಳುತ್ತಿದ್ದರು. ಮನುಷ್ಯ ನಿದ್ದೆಯಲ್ಲಿದ್ದರೂ ಅರ್ಥವಾಗಿದ್ದು ಎಚ್ಚರವಾಗಿರುತ್ತಿತ್ತು. ಎಲ್ಲಾದರೂ ಏನಾದರೂ ನಡೆಯುತ್ತಿದ್ದು, ಅದು ಯಾರ ತಿಳಿವಳಿಕೆಯಿಂದ ಎಂದು ಗೊತ್ತಾಗದಿದ್ದರೆ ಅದಕ್ಕೊಂದು ಪದ್ಧತಿಯಿತ್ತು. ಅದನ್ನು 'ಹೊಸಿಲು ನೋಡುವುದು' ಎನ್ನುತ್ತಿದ್ದರು. ಒಳಗಿದ್ದವರು ಒಬ್ಬೊಬ್ಬರಾಗಿ ಹೊಸಿಲು ದಾಟಿ ಹೊರಗೆ ನಿಲ್ಲುವುದು. ಯಾರು ದಾಟಿದಾಗ ಕೆಲಸ ನಿಲ್ಲುತ್ತದೋ ಅವರಿಗೇ ಅರ್ಥವಾಗಿದೆ ಎಂದು ಲೆಕ್ಕ.

ನಾನು ಸಾಮಾನ್ಯ ಟೀಚರಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಇಪ್ಪತ್ತು ಚಿಲ್ಲರೆ ವರ್ಷ ಪಾಠ ಮಾಡಿ, ಹಿಂದಿನ ಶಾಲೆಯಲ್ಲಿ ನೂರಕ್ಕೆ ನೂರು ಫಲಿತಾಂಶ ತೋರಿಸಿದವಳು. ಆಮ್ಲ, ಪ್ರತ್ಯಾಮ್ಲದ ಪಾಠ ಶುರುಮಾಡಿ, ವ್ಯಾಖ್ಯೆಯನ್ನು ಬೋರ್ಡಿನ ಮೇಲೆ ಬರೆದು, ಮೂರು ಸಲ ಹೇಳಿಸಿ, ನಿಂಬೆರಸದಲ್ಲಿ ನೀಲಿ ಲಿಟ್ಮಸ್ ಅದ್ದಿದೆ. ನೀಲಿ ಕಾಗದ ನೀಲಿಯಾಗಿಯೇ ಮೇಲೆ ಬಂತು. ಮಕ್ಕಳು ಪಾಪ, ನನ್ನ ಮುಖ ನೋಡಿ ಮರುಕಪಟ್ಟರು. ಮುಂದಿನ ಬೆಂಚಿನವಳೊಬ್ಬಳು, "ಪರವಾಗಿಲ್ಲ ಮಿಸ್, ಹಿಂದಿನ ಸರ್‌ಗೆ ದೀಪಾವಳಿವರ್ಗೂ ಕೆಂಪಾಗಿರ್ಲಿಲ್ಲ" ಎಂದು ಸಮಾಧಾನ ಹೇಳಿದಳು. ಪರೀಕ್ಷೆಯ ದಿನ ಇನ್ನೂ ಚೆನ್ನಾಗಿತ್ತು. ಅಲ್ಲಿ ಪರೀಕ್ಷೆಯೆಂದರೆ ಒಬ್ಬೊಬ್ಬರನ್ನೇ ಕೋಣೆಯೊಳಗೆ ಬಿಡುವುದು, ಸಾಮಾನು ಕೆಲಸ ಮಾಡಿದರೆ ಪಾಸು. ನಾನು ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಳ್ಳುತ್ತಿದ್ದೆ. ಅನಂತಯ್ಯನವರು ಬಹಳ ಮರ್ಯಾದೆಯಿಂದ, "ಬಿಸಿಲಲ್ಲಿ ಯಾಕೆ ಮೇಡಂ, ಒಳಗೇ ಕೂತ್ಕೊಳ್ಳಿ. ನಿಮ್ಮಿಂದ ಏನೂ ತೊಂದ್ರೆ ಆಗಲ್ಲ" ಎಂದರು. ಆ ಸಂಜೆಯೇ ವರ್ಗಾವಣೆಗೆ ಅರ್ಜಿ ಹಾಕಿದೆ.

ಹೊಟ್ಟೆಪಾಡಿಗೆ ನನಗಿದ್ದ ದಿಕ್ಕು ದೇವೀರಜ್ಜಿಯ ಹೋಟೆಲು. ಶಾಲೆಯ ಹಿಂದಿನ ಬೀದಿಯಲ್ಲಿ ಹೆಂಚಿನ ಒಂದೇ ಕೋಣೆ, ಎರಡು ಬೆಂಚು, ಮೂಲೆಯಲ್ಲಿ ಒಲೆ. ಇಡ್ಲಿ ಬಿಟ್ಟರೆ ಬೇರೇನೂ ಇಲ್ಲ. ಅನ್ನ, ದೋಸೆ, ರೊಟ್ಟಿ ಎಲ್ಲ ಮನೆಗಳಲ್ಲೂ ಆಗುತ್ತಿದ್ದವು, ಆದರೆ ಇಡ್ಲಿ ಬೇಯುವುದು ಹೇಗೆಂದು ಆ ಊರಿನಲ್ಲಿ ಅಜ್ಜಿಯೊಬ್ಬಳಿಗೇ ಅರ್ಥವಾಗಿದ್ದದ್ದು. ದಿನಾ ಅಲ್ಲಿ ತಿನ್ನುವುದಿದ್ದ ಮೇಲೆ ಬೇರೆಯವರು ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ? ಅಜ್ಜಿಯ ಜೊತೆಗಿದ್ದವಳು ಮೊಮ್ಮಗಳು ಚಂಪಾ, ನನ್ನ ಒಂಬತ್ತನೇ ಕ್ಲಾಸಿನ ಹುಡುಗಿ. ತಂದೆ ತಾಯಿ ಇಲ್ಲ, ಅಜ್ಜಿಯೇ ಎಲ್ಲ. ಕ್ಲಾಸಿನಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ಒಂದು ಪ್ರಶ್ನೆ ಹಿಡಿದಳೆಂದರೆ ಉಡದ ಪಟ್ಟು.

ಅಜ್ಜಿಗೆ ಮರೆವು ಶುರುವಾಗಿತ್ತು. ಮೊದಲು ಗಿರಾಕಿಗಳ ಹೆಸರು ಮರೆತಳು. ನನ್ನನ್ನು ದಿನಾ, "ಯಾರ ಮನೆ ಮಗಳಮ್ಮ ನೀನು?" ಎಂದು ಕೇಳುತ್ತಿದ್ದಳು. ಆಮೇಲೆ ಚಟ್ನಿಗೆ ಉಪ್ಪು ಹಾಕುವುದನ್ನು ಮರೆತಳು, ಇಲ್ಲವೆ ಎರಡು ಸಲ ಹಾಕಿದಳು. ನಾವು ಯಾರೂ ತುಟಿ ಪಿಟಕ್ಕೆನ್ನದೆ ತಿನ್ನುತ್ತಿದ್ದೆವು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬೆಂಚುಗಳ ತುಂಬ ಜನ, ಯಾರ ಕೈಯಲ್ಲೂ ತಟ್ಟೆಯಿಲ್ಲ. ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು, ಹಬೆಯೂ ಬುಸುಬುಸು ಬರುತ್ತಿತ್ತು. ನೀರು ಕುದಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮುಚ್ಚಳ ತೆಗೆದರೆ ಮಾತ್ರ ಹಿಟ್ಟು ಹುಯ್ದಿದ್ದ ಹಾಗೆಯೇ ಹಸಿಯಾಗಿ ಕೂತಿತ್ತು. ಅಜ್ಜಿ ಒಲೆಯ ಮುಂದೆ ಕೂತು, ಆ ತಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಹೆಂಗಮ್ಮ ಬೇಯ್ತಿತ್ತು?" ಎಂದು ಮೊಮ್ಮಗಳನ್ನು ಕೇಳಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ವಾರ ಕಳೆಯುವಷ್ಟರಲ್ಲಿ ಚಂಪಾಳ ಮಾವ ಪಾಪಣ್ಣ ಬಂದ. ಬೇರೆ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟವನು, ಕೆಟ್ಟವನೇನಲ್ಲ. ಅವನ ಕಾರು ಊರಿನ ಗಡಿಯಲ್ಲೇ ಕೆಟ್ಟು ನಿಂತು, ಎಂಜಿನ್ ಅರ್ಥವಾಗುವ ಒಬ್ಬ ಟ್ರ್ಯಾಕ್ಟರ್ ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರಬೇಕಾಯಿತು. ಆ ಸಿಟ್ಟು ಇಳಿದಿರಲಿಲ್ಲ. "ನಮ್ಮೂರಲ್ಲಿ ಯಾರಿಗೂ ಏನೂ ಅರ್ಥ ಆಗ್ಬೇಕಾಗಿಲ್ಲ ಕಣಮ್ಮ. ಸ್ವಿಚ್ ಹಾಕಿದ್ರೆ ಲೈಟು, ಕೀ ತಿರುಗಿಸಿದ್ರೆ ಗಾಡಿ. ಆರಾಮಾಗಿರಬಹುದು. ಬೇಸಿಗೆ ರಜಕ್ಕೆ ಬಂದು ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ. ಅಷ್ಟರೊಳಗೆ ನೀವೇ ಇಡ್ಲಿ ಬೇಯಿಸಿ ತೋರಿಸಿದ್ರೆ ನಾನು ಬಾಯಿ ಮುಚ್ಕೋತೀನಿ" ಎಂದು ಚಂಪಾಳಿಗೆ ಹೇಳಿ ಹೋದ.

ಚಂಪಾ ಅಂದೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. "ಮಿಸ್, ಹಬೆ ಪಾಠ ಯಾವಾಗ ಮಾಡ್ತೀರಿ?"

"ಅದು ಮುಂದಿನ ಟರ್ಮಿಗೆ ಬರುತ್ತಲ್ಲೇ."

"ಈಗ್ಲೇ ಬೇಕು ಮಿಸ್. ಮಾವನ ಮನೇಲಿ ಅಜ್ಜಿನ ಚೆನ್ನಾಗೇ ನೋಡ್ಕೋತಾರೆ, ಆದ್ರೆ ಒಂದು ಮೂಲೇಲಿ ಕೂರಿಸ್ತಾರೆ. ಇಲ್ಲಿ ಒಲೆ ಮುಂದೆ ಕೂತಾಗ ಮಾತ್ರ ಅವಳಿಗೆ ತಾನು ಯಾರು ಅಂತ ಗೊತ್ತಿರುತ್ತೆ. ಒಲೇನೂ ಹೋದ್ರೆ ನನ್ನನ್ನೂ ಮರೀತಾಳೆ."

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಕಳಿಸಬಹುದಿತ್ತು. ನಾಳೆಯಿಂದ ಬೆಳಿಗ್ಗೆ ಹೋಟೆಲಿಗೇ ಬರುತ್ತೇನೆ ಎಂದುಬಿಟ್ಟೆ.

ಬೆಳಗಾಗುತ್ತಲೇ ಹೋಗಿ, ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಗಂಟಲು ಸರಿಮಾಡಿಕೊಂಡು ಹೇಳಿದೆ: "ದ್ರವವೊಂದು ತನ್ನ ಕುದಿಬಿಂದುವಿನಲ್ಲಿ, ತಾಪದಲ್ಲಿ ಬದಲಾವಣೆಯಿಲ್ಲದೆ ಆವಿಯಾಗಲು ಹೀರಿಕೊಳ್ಳುವ ಉಷ್ಣವೇ ಗುಪ್ತೋಷ್ಣ." ಅಜ್ಜಿ ಕೈಮುಗಿದಳು, ಮಂತ್ರವೆಂದು ತಿಳಿದಿರಬೇಕು. ಹಿಟ್ಟು ಹಸಿಯಾಗಿಯೇ ಇತ್ತು. ಚಂಪಾ ಗಲ್ಲಕ್ಕೆ ಕೈಕೊಟ್ಟು ಯೋಚಿಸಿ ಕೇಳಿದಳು: "ಮಿಸ್, ಕುದಿಯೋ ನೀರು ನೂರು ಡಿಗ್ರಿ ಅಂದ್ರಿ. ಅದ್ರಿಂದ ಏಳೋ ಹಬೇನೂ ನೂರು ಡಿಗ್ರಿನೇ ಅಂದ್ರಿ. ಹಂಗಾದ್ರೆ ನಾನು ಇಷ್ಟು ಹೊತ್ತು ಒಲೆಗೆ ತುರುಕಿದ ಸೌದೆ ಬಿಸಿ ಎಲ್ಲಿ ಹೋಯ್ತು?"

"ಹಬೇಲಿ ಅಡಗಿದೆ. ಗುಪ್ತ ಅಂದ್ರೆ ಅದೇ."

"ಅಡಗಿ ಏನ್ ಮಾಡ್ತಿದೆ?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೂ, ಪಠ್ಯದಲ್ಲಿಲ್ಲ ಕೂತ್ಕೋ ಎನ್ನುತ್ತಿದ್ದೆ. ಒಲೆಯ ಮುಂದೆ ಹಾಗೆನ್ನಲು ಆಗುವುದಿಲ್ಲ. ಮಾರನೆಯ ದಿನ ಇನ್ನೊಂದು ಪುಸ್ತಕ ಓದಿಕೊಂಡು ಹೋದೆ. ಅದರ ಮಾರನೆಯ ದಿನ ಮತ್ತೊಂದು. ಚಿತ್ರ ಬರೆದೆ, ಬಾಣ ಹಾಕಿದೆ, ಅಣುಗಳಿಗೆ ಕೈಕಾಲು ಬರೆದೆ. ಹಸಿ ಹಿಟ್ಟು ನನ್ನನ್ನು ನೋಡುತ್ತ ಕೂತಿತ್ತು. ಗಿರಾಕಿಗಳು ಆಸೆಯಿಂದ ಬಂದು, ಒಂದು ಲೋಟ ಬಿಸಿನೀರು ಕುಡಿದು, "ಇವತ್ತು ಸ್ವಲ್ಪ ಗಟ್ಟಿಯಾದಂಗಿದೆ ಮೇಡಂ" ಎಂದು ನನ್ನ ಮನಸ್ಸಿಗೆ ನೋವಾಗದಂತೆ ಸುಳ್ಳು ಹೇಳಿ ಹೋಗುತ್ತಿದ್ದರು.

ಕೊನೆಗೆ ಒಂದು ದಿನ ರೇಗಿಹೋಯಿತು. "ಅಡಗಿದೆ ಅಂದ್ರೆ ಅಡಗಿದೆ ಕಣೇ! ನೋಡು ಬೇಕಾದ್ರೆ!" ಎಂದು ಮುಚ್ಚಳವನ್ನು ಕಿತ್ತು ಪಾತ್ರೆಯ ಮೇಲೆ ಬಗ್ಗಿದೆ. ಹಬೆ ಮುಖಕ್ಕೆ ರಾಚಿ ಕನ್ನಡಕವೆಲ್ಲ ಮಂಜಾಯಿತು. ಒರೆಸಿಕೊಳ್ಳೋಣವೆಂದು ತೆಗೆದರೆ, ಗಾಜು ಸುಡುತ್ತಿತ್ತು. ಚಳಿಗಾಲದ ಬೆಳಿಗ್ಗೆ, ಒಂದು ಕ್ಷಣದ ಹಿಂದೆ ಮೂಗಿನ ಮೇಲೆ ಮಂಜುಗಡ್ಡೆಯ ಹಾಗೆ ಕೂತಿದ್ದ ಗಾಜು. ಅದರ ಮೇಲೆ ಹಬೆ ಇರಲಿಲ್ಲ, ನೀರಿತ್ತು. ಸಣ್ಣ ಸಣ್ಣ ಹನಿಗಳು. ನಾನು ಹನಿಗಳನ್ನು ನೋಡಿದೆ, ಮುಚ್ಚಳದ ಒಳಗಿನಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದೆ. ಒಂದರ ಕೈ ಒಂದು ಹಿಡಿದು ಕೂತ ನೀರಿನ ಅಣುಗಳನ್ನು ಬಿಡಿಸಿ ಮೇಲೆ ಕಳಿಸುವುದಕ್ಕೇ ಒಲೆಯ ಬೆಂಕಿಯೆಲ್ಲ ಖರ್ಚಾಗಿದೆ. ತಣ್ಣಗಿನದೇನಾದರೂ ಸಿಕ್ಕಿ ಮತ್ತೆ ಕೈಹಿಡಿದು ನೀರಾಗುವಾಗ ಅದಷ್ಟನ್ನೂ ಅಲ್ಲೇ ಬಿಡಬೇಕು. ಗಾಜಿನ ಮೇಲಾದರೆ ಗಾಜಿಗೆ. ಹಿಟ್ಟಿನ ಮೇಲಾದರೆ ಹಿಟ್ಟಿಗೆ.

"ಅಯ್ಯೋ, ಕೊಟ್ಟುಬಿಡುತ್ತೆ ಕಣೇ!" ಎಂದು ಕಿರುಚಿದೆ. "ನೀರಾಗುವಾಗ ಕೊಟ್ಟುಬಿಡುತ್ತೆ!"

ಚಂಪಾ ಗಾಬರಿಯಾಗಿ ಮುಚ್ಚಳ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಆ ಕೋಣೆಯಲ್ಲಿ, ಎಷ್ಟೋ ವಾರಗಳಿಂದ ಇಲ್ಲದಿದ್ದ, ಬೆಂದ ಇಡ್ಲಿಯ ಪರಿಮಳ ಎದ್ದಿತು. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಮುಚ್ಚಳ ತೆಗೆದರೆ ಇಡ್ಲಿಗಳು ಉಬ್ಬಿ, ಬೆಳ್ಳಗೆ, ಮಗುವಿನ ಕೆನ್ನೆಯ ಹಾಗೆ ಕೂತಿದ್ದವು. ಎರಡನೇ ಸಲ ಹಿಟ್ಟು ಹುಯ್ದು ಹೊಸಿಲು ನೋಡಿದರು. ಗಿರಾಕಿಗಳೆಲ್ಲ ಹೊರಗೆ ಹೋದರು, ಪರಿಮಳ ನಿಲ್ಲಲಿಲ್ಲ. ಅಜ್ಜಿಯ ಕೈಹಿಡಿದು ಹೊರಗೆ ಕರೆತಂದರು, ನಿಲ್ಲಲಿಲ್ಲ. ಚಂಪಾ ಎರಡೂ ಕೈ ಎದೆಗೊತ್ತಿಕೊಂಡು ಹೊಸಿಲು ದಾಟಿದಳು. ನಿಲ್ಲಲಿಲ್ಲ. ಒಳಗೆ ಉಳಿದವಳು ನಾನೊಬ್ಬಳೇ. ಬೆಪ್ಪಾಗಿ ನಿಂತೆ. ಪಾಠ ಮಾಡಲು ಹೋದವಳಿಗೇ ಪಾಠ ಅರ್ಥವಾಗಿತ್ತು, ಕೇಳಿದವಳಿಗೆ ಆಗಿರಲಿಲ್ಲ. ನಾಚಿಕೆಯಾಯಿತು ಎಂದು ಹೇಳಬೇಕು, ಆದರೆ ನಿಜ ಹೇಳುತ್ತೇನೆ, ಕುಣಿಯಬೇಕೆನ್ನಿಸಿತು. ಹೊರಗೆ ಚಂಪಾಳ ಸಪ್ಪೆ ಮುಖ ಕಂಡ ಮೇಲೆ ಸುಮ್ಮನಾದೆ.

ಅಲ್ಲಿಂದ ನನಗೆ ಹೊಸ ಉದ್ಯೋಗವೊಂದು ಗಂಟುಬಿತ್ತು. ದಿನಾ ಬೆಳಿಗ್ಗೆ ಹೋಟೆಲಿಗೆ ಹೋಗಿ ಒಲೆಯ ಪಕ್ಕ ಕೂರಬೇಕು. ಬರಿದೆ ಕೂತರೂ ಇಡ್ಲಿ ಬೇಯುತ್ತಿತ್ತು, ಆದರೆ ಟೀಚರ ಬಾಯಿ ಸುಮ್ಮನಿರುತ್ತದೆಯೇ? ಚಂಪಾಳಿಗೆ ಹೊಸ ಹೊಸ ರೀತಿಯಲ್ಲಿ ಹೇಳುತ್ತಿದ್ದೆ. ಅಜ್ಜಿ ಪಕ್ಕದಲ್ಲಿ ಕೂತು, ದಿನಾ ಮೊದಲ ಸಲ ಕೇಳುವವಳ ಹಾಗೆ, "ಹೌದಾ? ಆಮೇಲೆ?" ಎನ್ನುತ್ತಿದ್ದಳು. ಅಂಥ ವಿದ್ಯಾರ್ಥಿನಿ ನನಗೆ ಯಾವ ಶಾಲೆಯಲ್ಲೂ ಸಿಕ್ಕಿರಲಿಲ್ಲ. ಅದೇ ಚಾಳಿ ಕ್ಲಾಸಿಗೂ ಬಂತು. ಮಕ್ಕಳನ್ನು ಅಂಗಳದಲ್ಲಿ ಬಿಗಿಯಾಗಿ ಕೈಕೈ ಹಿಡಿಸಿ ನಿಲ್ಲಿಸಿ, ನಾನೇ ಸೆರಗು ಸಿಕ್ಕಿಸಿಕೊಂಡು ಬಿಡಿಸಲು ಹೆಣಗಾಡಿ, "ನೋಡ್ರೋ, ನೀವು ಓಡ್ತಾ ಇಲ್ಲ, ಆದ್ರೂ ನಂಗೆ ಸುಸ್ತಾಯ್ತು. ನನ್ನ ಶಕ್ತಿಯೆಲ್ಲ ಬಿಡಿಸೋಕೇ ಹೋಯ್ತು" ಎಂದು ತೋರಿಸುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ಲಿಟ್ಮಸ್ ಕೆಂಪಾಯಿತು. ಅನಂತಯ್ಯನವರು ಆ ಕಾಗದದ ಚೂರನ್ನು ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು, ಮುಂದಿನ ಪರೀಕ್ಷೆಗೆ ನನ್ನ ಕುರ್ಚಿಯನ್ನು ಹೊರಗೆ ಹಾಕಿಸಿದರು.

ಚಂಪಾಳಿಗೆ ಮಾತ್ರ ಅರ್ಥವಾಗಲಿಲ್ಲ. ಆಗಾಗ ಹೊಸಿಲು ನೋಡುತ್ತಿದ್ದೆವು. ನಾನು ದಾಟಿ ಬೀದಿಗಿಳಿಯುತ್ತಿದ್ದೆ. ಚಂಪಾ ನನ್ನ ಬೆನ್ನಿಗೇ ಹೊರಗೆ ಬಂದು, "ನಿಂತೋಯ್ತು ಮಿಸ್" ಎನ್ನುತ್ತಿದ್ದಳು. ಹೋಗಿ ನೋಡಿದರೆ ಹಿಟ್ಟು ಹಸಿಯಾಗಿರುತ್ತಿತ್ತು. ಇಷ್ಟು ಚುರುಕಾದ ಹುಡುಗಿಗೆ ಇದೊಂದು ಯಾಕೆ ಹತ್ತುವುದಿಲ್ಲ ಎಂದು ನಾನು ಮತ್ತೆ ಮಣೆ ಹಾಕಿಕೊಂಡು ಕೂರುತ್ತಿದ್ದೆ.

ಬೇಸಿಗೆ ರಜೆ ಇನ್ನೇನು ಶುರುವಾಗಬೇಕು ಎನ್ನುವಾಗ ನಾನು ಮರೆತೇಬಿಟ್ಟಿದ್ದ ವರ್ಗಾವಣೆ ಬಂತು. ರದ್ದು ಮಾಡಿಸಲು ಓಡಾಡಿದೆ, ಆಗಲಿಲ್ಲ. ಇಂದುಮತಿ ಟೀಚರು, ಎಂದರೆ ನಾನು, ಹೋಗುತ್ತೇನೆ ಎಂಬ ಸುದ್ದಿ ಪಾಪಣ್ಣನಿಗೂ ಮುಟ್ಟಿತು. ನಾನು ಹೊರಡುವ ಬೆಳಿಗ್ಗೆಯೇ ಅವನು ವ್ಯಾನು ತಂದು, ಅದರಲ್ಲಿ ಟ್ರ್ಯಾಕ್ಟರ್ ಡ್ರೈವರನನ್ನು ಕೂರಿಸಿಯೇ ಇಟ್ಟುಕೊಂಡು, ಹೋಟೆಲಿನ ಮುಂದೆ ನಿಂತಿದ್ದ. "ನಾನೇನು ಕಟುಕನಲ್ಲ ಮೇಡಂ. ಆದ್ರೆ ನೀವು ಹೋದ್ಮೇಲೆ ಇವರ ಗತಿ?" ಎಂದ. ನಾನು ಚೀಲ ಹಿಡಿದೇ ಒಳಗೆ ಹೋದೆ.

ಒಳಗೆ ಚಂಪಾ ಕೊನೆಯ ಸಲದ ಹಿಟ್ಟು ಹುಯ್ಯುತ್ತಿದ್ದಳು. ನನಗೆ ಪಾಠ ಮಾಡುವ ಶಕ್ತಿಯಿರಲಿಲ್ಲ. "ಇವತ್ತು ನೀನೇ ಹೇಳೇ ಅಜ್ಜಿಗೆ" ಎಂದೆ. ಅವಳು ಅಜ್ಜಿಯ ಪಕ್ಕ ಕೂತು, ಆ ಸುಕ್ಕುಗಟ್ಟಿದ ಕೈಯನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಮೆಲ್ಲಗೆ ಹೇಳಿದಳು. ನನ್ನ ಮಾತುಗಳನ್ನಲ್ಲ, ತನ್ನವನ್ನೇ. ಅಜ್ಜಿ ಎಂದಿನಂತೆ, "ಹೌದಾ? ಆಮೇಲೆ?" ಎಂದಳು. ಹೇಳಿ ಮುಗಿಸಿ ಚಂಪಾ ನನ್ನ ಕಡೆ ನೋಡಿ, "ಹೊಸಿಲು ನೋಡೋಣ ಮಿಸ್" ಎಂದಳು.

ಗಿರಾಕಿಗಳು ಆಗಲೇ ಬೀದಿಯಲ್ಲಿದ್ದರು. ನಾನು ಚೀಲ ಹಿಡಿದು ಹೊಸಿಲು ದಾಟಿದೆ. ಈ ಸಲ ಚಂಪಾ ನನ್ನ ಬೆನ್ನಿಗೆ ಬರಲಿಲ್ಲ. ಒಲೆಯ ಮುಂದೆಯೇ ಕೂತಳು. ಪರಿಮಳ ನಿಲ್ಲಲಿಲ್ಲ.

ನನಗೆ ಒಂದೊಂದಾಗಿ ಹೊಳೆಯಿತು, ಪ್ರತಿ ಸಲವೂ ಅವಳು ನನ್ನ ಹಿಂದೆಯೇ ಹೊರಗೆ ಬಂದದ್ದು, ಅವಳು ಬಂದ ಮೇಲೆಯೇ ಹಬೆ ಸೋತದ್ದು. "ಕಳ್ಳಿ! ಯಾವಾಗ ಅರ್ಥ ಆಯ್ತೇ ನಿಂಗೆ?" ಎಂದು ಹೊರಗಿನಿಂದಲೇ ಕೂಗಿದೆ.

"ನೀವು ಅಂಗಳದಲ್ಲಿ ಕೈ ಬಿಡಿಸಿದ್ರಲ್ಲ ಮಿಸ್, ಆವತ್ತೇ."

"ಮತ್ತೆ ಇಷ್ಟು ದಿನ ನನ್ನನ್ನ ಯಾಕೇ ಬೆಳಗಾಗೆ ಎಬ್ಬಿಸಿದೆ?"

"ಹೇಳಿದ್ರೆ ನೀವು ಬರೋದು ಬಿಡ್ತಿದ್ರಿ. ನೀವು ಪಾಠ ಹೇಳುವಾಗ ಮಾತ್ರ ಅಜ್ಜಿ ಪೂರ್ತಿ ಇಲ್ಲೇ ಇರ್ತಿದ್ಳು." ಅಷ್ಟು ಹೇಳುವುದರೊಳಗೆ ಅವಳಿಗೆ ಅಳು ಒತ್ತರಿಸಿ ಬಂತು. ಎದ್ದು ಓಡಿಬಂದು ನನ್ನ ಸೊಂಟ ತಬ್ಬಿಕೊಂಡಳು. ನನ್ನ ಕಣ್ಣೂ ತುಂಬಿತ್ತು, ಆದರೂ ಟೀಚರ ಬುದ್ಧಿ ಎಲ್ಲಿ ಹೋಗುತ್ತದೆ? "ಒಳಗೆ ಹೋಗೇ, ಇಡ್ಲಿ ನಿಂತುಹೋಗುತ್ತೆ!" ಎಂದು ಗದರಿದೆ.

ನಿಲ್ಲಲಿಲ್ಲ. ಇಬ್ಬರೂ ಹೊರಗಿದ್ದೆವು, ಪಾಪಣ್ಣ ಹೊರಗಿದ್ದ, ಬೀದಿಯೆಲ್ಲ ಹೊರಗಿತ್ತು. ಬಾಗಿಲಿನಿಂದ ಪರಿಮಳ ಮಾತ್ರ ದಂಡಿಯಾಗಿ ಬರುತ್ತಲೇ ಇತ್ತು. ಚಂಪಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಒಳಗಿದ್ದವಳು ದೇವೀರಜ್ಜಿಯೊಬ್ಬಳೇ.

ಪಾಪಣ್ಣ ಹೋಗಿ ವ್ಯಾನಿನಲ್ಲಿದ್ದ ಡ್ರೈವರನನ್ನು ಇಳಿಸಿ ಮನೆಗೆ ಕಳಿಸಿದ. ಮೂಲೆಯ ನಿಲ್ದಾಣದಲ್ಲಿ ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಚೀಲ ಕೆಳಗಿಟ್ಟು, ಹೊಸಿಲು ದಾಟಿ ಒಳಗೆ ಹೋದೆ. ಅಜ್ಜಿ ತಲೆಯೆತ್ತಿ ಕಣ್ಣು ಕಿರಿದು ಮಾಡಿ ನೋಡಿದಳು. "ಯಾರ ಮನೆ ಮಗಳಮ್ಮ ನೀನು? ಕೂತ್ಕೋ, ಇನ್ನೊಂದ್ ಗಳಿಗೆ ಬೇಕು" ಎಂದು ಮಣೆ ತೋರಿಸಿದಳು. ಕೂತೆ. ಪಾತ್ರೆಯನ್ನೇ ನೋಡುತ್ತಿದ್ದ ನನ್ನನ್ನು ಕಂಡು ಅವಳಿಗೆ ಅಯ್ಯೋ ಎನ್ನಿಸಿರಬೇಕು.

"ಇದು ಹೆಂಗ್ ಬೇಯುತ್ತೆ ಅಂತ ನಿಂಗೆ ಗೊತ್ತಿಲ್ಲ ಅನ್ಸುತ್ತೆ" ಎಂದಳು. "ಕೇಳು, ಹೇಳ್ತೀನಿ. ಒಲೆ ಕೊಟ್ಟಿದ್ದನ್ನೆಲ್ಲ ಹಬೆ ಸೆರಗಲ್ಲಿ ಗಂಟು ಕಟ್ಕೊಂಡು ಮೇಲೆ ಬರುತ್ತೆ. ಹಸಿ ಹಿಟ್ಟು ಮುಟ್ಟಿದ ತಕ್ಷಣ ಗಂಟು ಬಿಚ್ಚಿ ಕೊಟ್ಟುಬಿಡುತ್ತೆ. ಕೊಟ್ಟ ಮೇಲೆ ಹಬೆಯಾಗಿ ಉಳಿಯೋಕಾಗಲ್ಲ ನೋಡು, ನೀರಾಗಿ ಇಳಿದುಬಿಡುತ್ತೆ."

"ಹೌದಾ ಅಜ್ಜಿ?" ಎಂದೆ. "ಆಮೇಲೆ?"